ಹೊಸ ಸುರಂಗ, ಹಳೇ ದೆವ್ವ

ಪ್ರೀತಿಯ ಗೆಳೆಯ,

ಪಾಳುಬಿದ್ದ ಸುರಂಗದ ದೆವ್ವದ ಕತೆ ಇದ್ದರೆ ಬರಿ ಅಂತ ಕೇಳಿದ್ದೀಯಲ್ಲ. ನಮ್ಮ ಶಿವಮೊಗ್ಗ ಕಡೆ ಘಾಟಿಗಳಲ್ಲಿ ಸುರಂಗ ಎಲ್ಲಿದೆ ಮಾರಾಯ? ಆಗುಂಬೆ ಆಗಲಿ, ಹುಲಿಕಲ್ ಆಗಲಿ, ತಿರುವು ಸುತ್ತಿಯೇ ಇಳಿಯಬೇಕು. ಸುರಂಗ ಬೇಕಾದರೆ ಸಕಲೇಶಪುರದ ರೈಲು ದಾರಿಗೇ ಹೋಗಬೇಕು.

ಅಲ್ಲಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ ತನಕ ಸುಮಾರು 55 ಕಿಲೋಮೀಟರ್. ಅಷ್ಟರಲ್ಲೇ 57 ಸುರಂಗ, 109 ಸೇತುವೆ! 1979ರಲ್ಲಿ ಕಿರಿದಾದ ಹಳಿಯ ಮೀಟರ್ ಗೇಜ್ ರೈಲು ಶುರುವಾಯಿತು. ಹಳಿ ಅಗಲಿಸಿ ಬ್ರಾಡ್ ಗೇಜ್ ಮಾಡಲು 1996ರಲ್ಲಿ ರೈಲು ನಿಲ್ಲಿಸಿದರು. ಗೂಡ್ಸ್ ಗಾಡಿ ಮತ್ತೆ ಓಡಿದ್ದು 2006ರಲ್ಲಿ, ಜನ ಹತ್ತಿದ್ದು 2007ರ ಡಿಸೆಂಬರಿನಲ್ಲಿ. ನಡುವಿನ ಆ ಹತ್ತು ವರ್ಷ ದೆವ್ವಗಳಿಗೆ ಸುಗ್ಗಿ. ಟಾರ್ಚ್ ಹಿಡಿದು ಹಳಿ ಮೇಲೆ ನಡೆದ ಚಾರಣದ ಹುಡುಗರು, ಎಡಕುಮೇರಿ ಸ್ಟೇಷನ್ನಿನಲ್ಲಿ ರಾತ್ರಿ ಮಲಗಿ ಕತೆ ಬೆಳೆಸಿದರು.

ಸುರಂಗ ಕೊರೆಯುವಾಗ ಸತ್ತ ಕೂಲಿಯವನು ಲಾಟೀನು ಹಿಡಿದು ಎದುರು ಬರುತ್ತಾನಂತೆ. ಹಿಂದಿನಿಂದ ಹೆಸರು ಹಿಡಿದು ಕೂಗಿದರೆ ಓಗೊಡಬಾರದಂತೆ. ಇದೆಲ್ಲ ಎಲ್ಲೋ ಕೇಳಿದ್ದು ಅನ್ನಿಸಲ್ವಾ? ಗದ್ದೆ ಬಯಲಿನ ಕೊಳ್ಳಿದೆವ್ವವೇ ಇಲ್ಲಿ ಲಾಟೀನು ಹಿಡಿದಿದೆ. ಮೂರು ಸಲ ಕೂಗುವ ತನಕ ಓ ಅನ್ನಬೇಡ ಅಂತ ನಮ್ಮಜ್ಜಿ ತೋಟದ ದಾರಿಗೆ ಹೇಳುತ್ತಿದ್ದರು. ಅದೇ ಮಾತು ಘಟ್ಟದ ಸುರಂಗಕ್ಕೂ ಹೋಗಿ ಸೇರಿದೆ, ಅಷ್ಟೇ.

ಹೆದರಿಕೆ ಮಾತ್ರ ಸುಳ್ಳಲ್ಲ. ಸುರಂಗ ಒಳಗೇ ತಿರುಗಿದರೆ ಆಚೆ ಬಾಯಿ ಕಾಣುವುದಿಲ್ಲ. ನಮ್ಮದೇ ಹೆಜ್ಜೆ ಸದ್ದು ಗೋಡೆಗೆ ಬಡಿದು ಬೆನ್ನ ಹಿಂದಿನಿಂದ ಬರುತ್ತದೆ. ಬಂಡೆಯಿಂದ ನೀರು ತೊಟ್ಟಿಕ್ಕುತ್ತದೆ, ಬಾವಲಿ ಮುಖದ ಹತ್ತಿರವೇ ಹಾರುತ್ತದೆ. ಹುಲಿಕಲ್ ಘಾಟಿಯಲ್ಲಾದರೆ ಚಂಡಿಕಾ ದೇವಿ ಗುಡಿ ಇದೆ, ಡ್ರೈವರುಗಳು ಗಾಡಿ ನಿಲ್ಲಿಸಿ ಕೈಮುಗಿದು ಮುಂದೆ ಹೋಗುತ್ತಾರೆ. ಇಲ್ಲಿ ಕತ್ತಲಲ್ಲಿ ಯಾರಿಗೆ ಅಂತ ಕೈಮುಗಿಯೋದು?

ಈಗ ಹಳಿ ಮೇಲೆ ನಡೆಯುವಂತಿಲ್ಲ. ಒಳ್ಳೆಯದೇ ಆಯಿತು, ಸುರಂಗದೊಳಗೆ ರೈಲು ಎದುರಾದರೆ ಸರಿದು ನಿಲ್ಲಲು ಜಾಗ ಕಮ್ಮಿ. ದೆವ್ವಕ್ಕಿಂತ ಗುಡ್ಡದ ಭಯ ಜಾಸ್ತಿ. 2024ರ ಜುಲೈನಲ್ಲಿ ಎಡಕುಮೇರಿ, ಕಡಗರವಳ್ಳಿ ನಡುವೆ ಮಣ್ಣು ಕುಸಿದು ಎಷ್ಟೋ ದಿನ ರೈಲು ನಿಂತಿತು. ಮಳೆಗಾಲದ ರಾತ್ರಿ ಹಳಿ ನೋಡಿಕೊಂಡು ದೀಪ ಹಿಡಿದು ನಡೆಯುವ ರೈಲ್ವೆ ಕೆಲಸಗಾರರಿದ್ದಾರೆ. ಲಾಟೀನಿನವನನ್ನು ಕಂಡೆ ಅನ್ನುವವರು ಅವರನ್ನೇ ಕಂಡಿರಬೇಕು, ನನ್ನ ಅನುಮಾನ.

ನೀನು ಬರುವುದಾದರೆ ಹಗಲು ರೈಲು ಹತ್ತು, ಕಿಟಕಿ ಪಕ್ಕ ಕೂರು. ಸುರಂಗ ಬಂದಾಗಲೆಲ್ಲ ಡಬ್ಬಿಯ ಮಕ್ಕಳು ಕಿರುಚುತ್ತಾರೆ, ಜೊತೆಗೆ ನೀನೂ ಕಿರುಚು.

ಇಂತಿ ನಿನ್ನ ಗೆಳೆಯ