ಬ್ಯಾಟರಿಗಿಂತ ಮೊದಲು ಗಂಟೆಯ ಲೆಕ್ಕ

ಮಂಡ್ಯ

ಚಿರಂಜೀವಿ ಮಗಳಿಗೆ,
ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪ್ರಾಜೆಕ್ಟ್ ವರದಿ ಓದಿದೆ. ದೊಡ್ಡ ಬ್ಯಾಟರಿ ಇಲ್ಲದೆ ಸೋಲಾರ್, ಗಾಳಿ ಕರೆಂಟನ್ನು ನಂಬಿ ಗ್ರಿಡ್ (ಊರೂರಿಗೆ ಕರೆಂಟು ಹಂಚುವ ಜಾಲ) ನಡೆಸಲು ಆಗುವುದೇ ಇಲ್ಲ ಅಂತ ಮೊದಲ ಪುಟದಲ್ಲೇ ತೀರ್ಪು ಕೊಟ್ಟಿದ್ದೀಯ. ಅಷ್ಟು ಅವಸರ ಬೇಡ. ಕರೆಂಟು ಕೂಡಿಡುವುದು ಬೇಕು, ನಿಜ. ಎಷ್ಟು ಗಂಟೆಗೆ ಬೇಕು ಅನ್ನುವುದನ್ನು ಮೊದಲು ಲೆಕ್ಕ ಹಾಕು.

ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟಿನದು. ಮಧ್ಯಾಹ್ನ ಭರ್ಜರಿ ಕರೆಂಟು. ಸಂಜೆ ಏಳಕ್ಕೆ ಎಲ್ಲರ ಮನೆಯಲ್ಲೂ ಲೈಟು, ಟಿವಿ ಹಾಕುವಾಗ ಸೊನ್ನೆ. ಆ ಮೂರ್ನಾಲ್ಕು ಗಂಟೆಗೆ ಬ್ಯಾಟರಿ ಒಳ್ಳೆಯದೇ. ಮಳೆಗಾಲದಲ್ಲಿ ವಾರಗಟ್ಟಲೆ ಮೋಡ ಕವಿದರೆ ಅಂತ ಅದಕ್ಕೂ ಬ್ಯಾಟರಿ ಇಟ್ಟರೆ ದುಡ್ಡು ಸುಮ್ನೆ ಮಲಗಿರುತ್ತದೆ. ಚಿತ್ರದುರ್ಗ, ಗದಗದ ಕಡೆ ಗಾಳಿ ಜೋರಾಗುವುದೂ ಅದೇ ಮಳೆಗಾಲದಲ್ಲಿ ಅಲ್ವಾ?

1902ರಲ್ಲೇ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು ಅಂತ ಹೆಮ್ಮೆಯಿಂದ ಬರೆದಿದ್ದೀಯ. ಸಂತೋಷ. ಹಾಗಂತ ಕಾವೇರಿಯನ್ನು ಬ್ಯಾಟರಿ ಅಂದುಕೊಳ್ಳಬೇಡ. ಕನ್ನಂಬಾಡಿ ನೀರು ಬಿಡುವುದು ಗದ್ದೆಗೆ, ಕುಡಿಯಲು, ತಮಿಳುನಾಡಿನ ಪಾಲಿಗೆ. ಗ್ರಿಡ್ಡಿಗೆ ಬೇಕಾದಾಗ ಬಿಡುತ್ತೇವೆ ಅನ್ನಲಿ ನೋಡೋಣ, ಮಂಡ್ಯದಲ್ಲಿ ಮರುದಿನವೇ ರಸ್ತೆ ತಡೆ! ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಹಾಗಲ್ಲ, ಅದನ್ನು ಕಟ್ಟಿದ್ದೇ ಕರೆಂಟಿಗೆ. ಹಗಲು ಸೋಲಾರ್ ಇರುವಾಗ ಅಲ್ಲಿ ನೀರು ಉಳಿಸಿ ಸಂಜೆ ಟರ್ಬೈನ್ ತಿರುಗಿಸಿದರೆ, ಕೂಡಿಟ್ಟ ಹಾಗೇ ಆಯಿತು.

ಶರಾವತಿಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಬೇರೆ. ಕರೆಂಟು ಹೆಚ್ಚಿದ್ದಾಗ ಕೆಳಗಿನ ಗೇರುಸೊಪ್ಪ ಜಲಾಶಯದಿಂದ ಮೇಲಿನ ತಲಕಳಲೆಗೆ ನೀರು ಎತ್ತಿ, ಬೇಕಾದಾಗ ಮತ್ತೆ ಕೆಳಗೆ ಬಿಟ್ಟು ಕರೆಂಟು ತೆಗೆಯುವುದು. ಇಂಥ ಕಡೆ 100 ಯೂನಿಟ್ ಸುರಿದರೆ 75–80 ವಾಪಸ್ ಬರುತ್ತದೆ. ಆ ನಷ್ಟ ತಡೆದುಕೊಳ್ಳಬಹುದು. ಆ ಯೋಜನೆ ಬರುವ, ಸಿಂಗಳೀಕಗಳಿರುವ ಕಾಡಿನ ಮಾತನ್ನು ನೀನು ಒಂದೇ ಸಾಲಿಗೆ ಮುಗಿಸಿದ್ದು ಮಾತ್ರ ನನಗೆ ಹಿಡಿಸಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಕೊರತೆ ಕಂಡಿದ್ದು ಪಂಪ್‌ಸೆಟ್ ವಿಷಯದಲ್ಲಿ. ಅದರ ಸುದ್ದಿಯೇ ಇಲ್ಲ! ರಾತ್ರಿ ತ್ರೀ ಫೇಸ್ ಬಂತು ಅಂತ ಟಾರ್ಚ್ ಹಿಡಿದು, ಹಾವು ಹುಳಕ್ಕೆ ಹೆದರಿಕೊಂಡು ಗದ್ದೆಗೆ ಹೋಗುವವರನ್ನು ನೀನೂ ನೋಡಿದ್ದೀಯ. ಆ ಕರೆಂಟನ್ನು ಹಗಲೇ ಕೊಟ್ಟರೆ ಬಿಸಿಲು ಇರುವಾಗಲೇ ಖರ್ಚಾಗುತ್ತದೆ, ಕೂಡಿಡುವ ಗೊಡವೆ ಇಲ್ಲ. ಆದರೆ ಪಂಪ್‌ಸೆಟ್‌ಗಳಿಗೆ ಕರೆಂಟು ತರುವ ಲೈನು (ಫೀಡರ್) ಮನೆಗಳದ್ದಕ್ಕಿಂತ ಬೇರೆ ಇರಬೇಕು, ಎಲ್ಲರೂ ಒಟ್ಟಿಗೆ ಮೋಟರ್ ಹಾಕಿದರೆ ಟ್ರಾನ್ಸ್‌ಫಾರ್ಮರ್ ತಡೆಯಬೇಕು. ಆ ಖರ್ಚನ್ನೂ ಸೇರಿಸು.

ಇವನ್ನೆಲ್ಲ ಕಳೆದ ಮೇಲೆ ಬ್ಯಾಟರಿಗೆ ಎಷ್ಟು ಗಂಟೆ ಉಳಿಯುತ್ತದೆ, ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ ಲೆಕ್ಕ ಬರೆದು ಕಳಿಸು. ಆಮೇಲೆ ಮೊದಲ ಪುಟ ತಿದ್ದುವೆಯಂತೆ.

ಇಂತಿ,
ನಿನ್ನ ದೊಡ್ಡಪ್ಪ