ಕೂಸಿನ ತೊಡೆಗೆ ಕಟ್ಟಿದ ಪಟ್ಟಿಯ ಕುರಿತು

ಸ್ಟುಟ್‌ಗಾರ್ಟ್

ಪೂಜ್ಯ ಅಮ್ಮನಿಗೆ ಮಗಳ ನಮಸ್ಕಾರಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಮೊನ್ನೆ ವಿಡಿಯೊ ಕರೆಯಲ್ಲಿ ಕೂಸಿನ ತೊಡೆಗಳಿಗೆ ಕಟ್ಟಿದ ಪಟ್ಟಿಯನ್ನು ಕಂಡೊಡನೆ ನೀನು ಮಾತು ನಿಲ್ಲಿಸಿ ಫೋನನ್ನು ಅಪ್ಪನ ಕೈಗೆ ಕೊಟ್ಟೆ. ಆಗ ಹೇಳಲಾಗದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಜರ್ಮನಿಯಲ್ಲಿ 1996ರಿಂದ ಎಲ್ಲ ಶಿಶುಗಳಿಗೂ ನಾಲ್ಕೈದು ವಾರವಾಗುವಾಗ ಸೊಂಟದ ಕೀಲಿನ ಅಲ್ಟ್ರಾಸೌಂಡ್ ಮಾಡುತ್ತಾರೆ. ತೊಡೆಮೂಳೆಯ ತುದಿಯ ಗುಂಡು ಆಗಿನ್ನೂ ಮೆದುವಾಗಿರುವುದರಿಂದ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಆಸ್ಟ್ರಿಯದ ವೈದ್ಯ ರೈನ್‌ಹಾರ್ಡ್ ಗ್ರಾಫ್ ರೂಪಿಸಿದ ಕ್ರಮದಂತೆ, ಮೆತ್ತೆಯ ತೊಟ್ಟಿಯೊಂದರಲ್ಲಿ ಕೂಸನ್ನು ಮಗ್ಗುಲಾಗಿ ಮಲಗಿಸಿ, ತೆರೆಯ ಮೇಲೆ ಮೂಡಿದ ಚಿತ್ರಕ್ಕೆ ಗೆರೆ ಎಳೆದು ಕೋನ ಅಳೆದರು. 60 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಚಿಂತೆಯಿಲ್ಲ. ನಮ್ಮವಳಿಗೆ ಬಲಗಡೆ 62, ಎಡಗಡೆ 48. ಅಂದರೆ ಗುಂಡು ಕೂರಬೇಕಾದ ಗುಳಿ ಎಡಕ್ಕೆ ಆಳ ಸಾಲದು. ಹುಟ್ಟಿದಾಗ ವೈದ್ಯರು ಕಾಲು ಅಗಲಿಸಿ ಕೈಯಿಂದ ಪರೀಕ್ಷಿಸಿದ್ದರೂ ಇದು ತಿಳಿದಿರಲಿಲ್ಲ. ಹಾಗೆಯೇ ಬಿಟ್ಟಿದ್ದರೆ ನಡೆಯತೊಡಗಿದ ಮೇಲೆ ಕುಂಟು ಕಾಣಿಸಬಹುದಿತ್ತು.

ಪಟ್ಟಿಯು ತೊಡೆಗಳನ್ನು ಮೇಲಕ್ಕೆ ಮಡಚಿ ಅಗಲಿಸಿ ಹಿಡಿಯುತ್ತದೆ. ಗುಂಡು ಗುಳಿಯ ನಡುವೆ ಕುಳಿತರೆ ಗುಳಿ ತಾನಾಗಿ ಆಳವಾಗುತ್ತದೆ. ಮೊದಲೆರಡು ರಾತ್ರಿ ಅತ್ತಳು, ನಾನೂ ಅತ್ತೆ. ಈಗ ಅದರ ಭುಜಪಟ್ಟಿಯಿಂದ ಇಳಿಬಿಟ್ಟ ಮಣಿಸರ ಬೆರಳಿಗೆ ಸಿಕ್ಕಿದರೆ ಬಿಡುವುದಿಲ್ಲ.

ಇಷ್ಟು ಬರೆದದ್ದು ಅತ್ತಿಗೆಗಾಗಿಯೂ ಹೌದು. ಅವಳ ಹೊಟ್ಟೆಯ ಮಗುವೂ ನಮ್ಮ ಕೂಸಿನಂತೆ ತಲೆ ಮೇಲಾಗಿ ಕುಳಿತಿದೆಯೆಂದು ಅಣ್ಣ ತಿಳಿಸಿದ್ದಾನೆ. ಅಂಥ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಈ ತೊಂದರೆ ಹೆಚ್ಚು. ನಮ್ಮ ದೇಶದಲ್ಲಿ ಎಲ್ಲ ಶಿಶುಗಳಿಗೂ ಈ ಅಲ್ಟ್ರಾಸೌಂಡ್ ಮಾಡುವ ರೂಢಿಯಿಲ್ಲವಾದ್ದರಿಂದ, ಹೆರಿಗೆಯಾಗಿ ಆರು ವಾರಕ್ಕೆ ಮಣಿಪಾಲಕ್ಕೆ ಕರೆದೊಯ್ದು ನೀವಾಗಿಯೇ ಕೇಳಿ ಮಾಡಿಸಬೇಕು.

ಇನ್ನೊಂದು ಮಾತಿಗೆ ನೀನು ಸಿಟ್ಟಾಗಬಾರದು. ಎಣ್ಣೆ ಹಚ್ಚಿ ಮೀಯಿಸಿದ ಮೇಲೆ ಹಳೆಯ ಸೀರೆಯಲ್ಲಿ ಕಾಲುಗಳನ್ನು ನೀಟಾಗಿ ಚಾಚಿ ಬಿಗಿಯಾಗಿ ಸುತ್ತುತ್ತೀಯಲ್ಲ, ಕೀಲಿಗೆ ಅದೇ ಕೆಡುಕಂತೆ. ಕೈಗಳನ್ನು ಸುತ್ತಿದರೂ ಕಾಲುಗಳು ಮಡಚಿ ಆಡುವಷ್ಟು ಸಡಿಲವಿರಲಿ. ಮೊಮ್ಮಕ್ಕಳನ್ನು ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಂಡು ಅಂಗಳ ಸುತ್ತುವ ನಿನ್ನ ಅಭ್ಯಾಸವನ್ನು ಮಾತ್ರ ಇಲ್ಲಿಯ ವೈದ್ಯರೂ ಮೆಚ್ಚಿದರು.

ಮುಂದಿನ ತಪಾಸಣೆ ನಾಲ್ಕು ವಾರದ ನಂತರ. ಎಡಗಡೆಯ ಅಳತೆ ಎಷ್ಟಾಯಿತೆಂದು ಅಂದೇ ಫೋನ್ ಮಾಡಿ ತಿಳಿಸುತ್ತೇನೆ. ಆಗ ಫೋನನ್ನು ಅಪ್ಪನಿಗೆ ಕೊಡಬೇಡ.

ನಿನ್ನ ಮಗಳು