ಈ ವಾರ ಓದಲು: ಯೋಹಾನ 21

ಪ್ರಿಯರೇ, ಈ ವಾರ ಬೈಬಲಿನ ಯೋಹಾನನ ಸುವಾರ್ತೆಯ 21ನೇ ಅಧ್ಯಾಯ ಓದೋಣ. 1ರಿಂದ 19ನೇ ವಚನದವರೆಗೆ ಸಾಕು. ಅವಸರ ಬೇಡ.

ಏಳು ಮಂದಿ ಶಿಷ್ಯರು ರಾತ್ರಿಯಿಡೀ ಬಲೆ ಬೀಸಿದರೂ ಏನೂ ಸಿಕ್ಕಿರಲಿಲ್ಲ. ಬೆಳಗಾಗುವಾಗ ಯೇಸು ದಡದಲ್ಲಿ ನಿಂತಿದ್ದರು. ಆಮೇಲೆ ಬಲೆಗೆ ಬಿದ್ದ 153 ಮೀನು ನಮಗೆಲ್ಲ ಗೊತ್ತು. ನನ್ನ ಮನಸ್ಸು ನಿಲ್ಲುವುದು 9ನೇ ವಚನದ ಕೆಂಡದ ಹತ್ತಿರ. 18ನೇ ಅಧ್ಯಾಯದಲ್ಲಿ, ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ, ‘ನೀನೂ ಅವನ ಶಿಷ್ಯನಲ್ಲವೇ?’ ಎಂದು ಕೇಳಿದಾಗ ಶಿಷ್ಯ ಪೇತ್ರ ಚಳಿ ಕಾಯಿಸಿಕೊಳ್ಳುತ್ತಾ ‘ನಾನಲ್ಲ’ ಎಂದದ್ದೂ ಇಂಥದೇ ಕೆಂಡದ ಮುಂದೆ. ಗ್ರೀಕ್ ಮೂಲದಲ್ಲಿ ಎರಡೂ ಕಡೆ ಒಂದೇ ಪದ. ಮೂರು ಸಲ ಅಲ್ಲಗಳೆದವನಿಗೆ ಯೇಸುವಿನಿಂದ ಮೂರು ಸಲ ಪ್ರಶ್ನೆ: ನನ್ನನ್ನು ಪ್ರೀತಿಸುತ್ತೀಯಾ? ಆದರೆ ಅದಕ್ಕೂ ಮೊದಲು ಊಟ! ಬೈಗುಳ ಇಲ್ಲ. ಸಾವನ್ನು ಗೆದ್ದು ಬಂದವರೇ ರೊಟ್ಟಿ, ಮೀನು ತೆಗೆದು ಕೊಡುತ್ತಾರೆ. ಇದನ್ನು ಓದಿದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ.

ನಮ್ಮಲ್ಲೂ ಮನಸ್ತಾಪ ಆದಮೇಲೆ ತಿಂಗಳುಗಟ್ಟಲೆ ಮಾತು ಬಿಟ್ಟವರು ಇರ್ತಾರೆ, ಅಲ್ವಾ? ಅಂಥ ಒಬ್ಬರನ್ನು ಈ ವಾರ ಊಟಕ್ಕೆ ಕರೆಯೋಣ. ಹಳೇ ವಿಷಯ ಊಟವಾದ ಮೇಲೆ ನೋಡಿಕೊಳ್ಳಬಹುದು.

ನಿಮ್ಮ ಮನಸ್ಸಿಗೆ ತಟ್ಟಿದ ಒಂದು ವಚನವನ್ನು ಶನಿವಾರದೊಳಗೆ ಇಲ್ಲಿ ಹಾಕಿ. ಟೈಪ್ ಮಾಡಲು ಕಷ್ಟವಾದರೆ ವಾಯ್ಸ್ ಮೆಸೇಜ್ ಕಳಿಸಿದರೂ ಸರಿ.